ಕೊಳೆಯೋ, ಬಣ್ಣವೋ, ನೇಯ್ಗೆಯೋ: ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳುವ ಮುನ್ನ

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಕ್ಲಿನಿಕ್ಕಿಗೆ ಒಂದು ಬೆಳಗ್ಗೆ ಅಣ್ಣ-ತಮ್ಮ ಇಬ್ಬರು ಒಂದೇ ಬೈಕಿನಲ್ಲಿ ಬಂದರು. ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಅಣ್ಣ ಹುನಗುಂದ ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡುವವರು. ತಮ್ಮ ಇಲ್ಲೇ ಊರಲ್ಲಿ ಗೂಡ್ಸ್ ಗಾಡಿ ಓಡಿಸುವವರು.

"ಇಬ್ಬರದೂ ಬೆಳ್ಳಗ ಮಾಡ್ರಿ ಸರ್ರ. ಎಷ್ಟಾಕ್ಕೈತಿ ಹೇಳ್ರಿ. ಇಲ್ಲಾಂದ್ರ ಮೊಬೈಲ್‌ನ್ಯಾಗ ಜೆಲ್ ಸಿಗತೈತಿ, ತರಿಸಿ ಮನ್ಯಾಗ ಹಚ್ಕೋತೀವಿ" ಎಂದರು ತಮ್ಮ.

ಬಾಯಿ ತೆರೆಸಿ ನೋಡಿದೆ. ಅಣ್ಣನ ಮೇಲಿನ ಮುಂಬಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟೆ, ನಡುವೆ ಕಂದು ಮಚ್ಚೆ. ತಮ್ಮನ ಹಲ್ಲಿಗೆ ಅಂಥ ಪಟ್ಟೆಯೇನೂ ಇಲ್ಲ. ಆದರೆ ಇಡೀ ಸಾಲಿಗೆ ಹಳದಿ ಛಾಯೆ, ಒಸಡಿನಂಚಿಗೆ ಗೆರೆ ಎಳೆದಂತೆ ಕಪ್ಪು. ಒಂದೇ ತಾಯಿಯ ಮಕ್ಕಳು, ಒಂದೇ ಪ್ರಶ್ನೆ. ನಾನು ಕೊಡಬೇಕಾದ ಉತ್ತರಕ್ಕೂ ಉತ್ತರಕ್ಕೂ ಸಂಬಂಧವೇ ಇರಲಿಲ್ಲ.

ಬಿಳುಪು ಮಾಡಿಸುವುದು ಮನೆಯಲ್ಲೋ ಕ್ಲಿನಿಕ್ಕಿನಲ್ಲೋ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು, ಕಲೆ ಎಲ್ಲಿ ಕೂತಿದೆ ಎಂದು. ಇಳಕಲ್ ನಮ್ಮ ಜಿಲ್ಲೆಯದೇ ಆದ್ದರಿಂದ ನಾನು ಸೀರೆಯ ಲೆಕ್ಕದಲ್ಲಿ ಹೇಳುತ್ತೇನೆ. ಸೀರೆಯ ಮೇಲೆ ಚಹಾ ಚೆಲ್ಲಿದರೆ ಅದು ಕೊಳೆ, ಒಗೆದರೆ ಹೋಗುತ್ತದೆ. ನೂಲಿಗೇ ಹಿಡಿದ ಬಣ್ಣ ಒಗೆತಕ್ಕೆ ಬಗ್ಗುವುದಿಲ್ಲ, ಅದಕ್ಕೆ ಬ್ಲೀಚ್ ಬೇಕು. ಇನ್ನು ಮಗ್ಗದ ಮೇಲಿದ್ದಾಗಲೇ ಎಳೆ ತಪ್ಪಿದ್ದರೆ ಒಗೆತವೂ ಬ್ಲೀಚೂ ಎರಡೂ ದಂಡ, ರಫೂ ಮಾಡುವವನೇ ಬೇಕು. ಹಲ್ಲಿನ ಕಲೆಗಳೂ ಈ ಮೂರು ಬಗೆಯವೇ. ತಮ್ಮನದು ಕೊಳೆ, ಅದರಡಿ ಒಂದಿಷ್ಟು ಬಣ್ಣ. ಅಣ್ಣನದು ನೇಯ್ಗೆಯ ದೋಷ.

ಹಾಗೆಂದು ಕಲೆಯೇ ಇಲ್ಲದ ಹಲ್ಲು ಹಾಲಿನಂತಿರುತ್ತದೆ ಎಂದುಕೊಳ್ಳಬೇಡಿ. ಹಲ್ಲಿನ ಹೊರಕವಚ ಎನಾಮಲ್. ಅದರಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ 96ರಷ್ಟು ಖನಿಜ. ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದು ಅರೆಪಾರದರ್ಶಕ. ಅದರೊಳಗಿನ ಡೆಂಟಿನ್ ಎಂಬ ಪದರಿನ ಬಣ್ಣವೇ ಹಳದಿ. ನಮಗೆ ಕಾಣುವುದು ಎನಾಮಲ್ಲಿನ ಮೂಲಕ ಹಾಯ್ದು ಬರುವ ಡೆಂಟಿನ್ನಿನ ಬಣ್ಣ. ವಯಸ್ಸಾದಂತೆ ಎನಾಮಲ್ ಸವೆಯುತ್ತದೆ, ಒಳಗಿನ ಡೆಂಟಿನ್ ದಪ್ಪವಾಗುತ್ತದೆ, ಹಲ್ಲು ಹಳದಿಗೆ ತಿರುಗುತ್ತದೆ. ಐವತ್ತರ ಹಲ್ಲು ಇಪ್ಪತ್ತರ ಹಲ್ಲಿನಂತೆ ಕಾಣದಿದ್ದರೆ ಅದು ರೋಗವಲ್ಲ. ನಮ್ಮ ಬಳಿ ಪೇಂಟ್ ಅಂಗಡಿಯ ಕಾರ್ಡಿನಂಥ ಒಂದು ಪಟ್ಟಿ ಇರುತ್ತದೆ, ಅದರಲ್ಲಿ 16 ಛಾಯೆಗಳು. ಟಿವಿಯಲ್ಲಿ ನಗುವ ಎಷ್ಟೋ ಹಲ್ಲುಗಳು ಆ ಹದಿನಾರರ ಆಚೆಯವು. ಹುಟ್ಟಿಗೆ ಬಂದ ಹಲ್ಲು ಹಾಗಿರುವುದಿಲ್ಲ.

ಮೊದಲು ಕೊಳೆ

ಚಹಾ, ಎಲೆ-ಅಡಿಕೆ, ಬೀಡಿ-ಸಿಗರೇಟು, ಗುಟ್ಕಾ. ನಮ್ಮ ಭಾಗದ ಹಲ್ಲಿನ ಬಣ್ಣಕ್ಕೆ ಮುಖ್ಯ ಕಾರಣಗಳು ಇವೇ. ನಿಪ್ಪಾಣಿ, ಚಿಕ್ಕೋಡಿ ಕಡೆ ಹೋದರೆ ಇನ್ನೊಂದು ಸೇರುತ್ತದೆ: ತಂಬಾಕನ್ನು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಶೇರಿ. ವಯಸ್ಸಾದ ಹೆಣ್ಣುಮಕ್ಕಳು ಅದನ್ನು ಹಲ್ಲುಪುಡಿ ಎಂದೇ ತಿಳಿದಿರುತ್ತಾರೆ, ಚಟವೆಂದು ಒಪ್ಪುವುದಿಲ್ಲ. ಅಂಗಡಿಯಲ್ಲಿ ಮಾರುವ ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಮನೆಯ ಹಂಚಿನ ಮೇಲೆ ಹುರಿಯುವುದನ್ನು ಯಾವ ಕಾನೂನು ತಡೆದೀತು? ಗುಟ್ಕಾದ ಕಥೆಯೂ ಅಷ್ಟೇ. ರಾಜ್ಯದಲ್ಲಿ 2013ರಲ್ಲಿ ನಿಷೇಧವಾಯಿತು. ಮರುದಿನದಿಂದ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು.

ಈ ಕಲೆಗಳು ಕೂರುವುದು ಹಲ್ಲಿನ ಮೇಲೆ, ಅದರಲ್ಲೂ ಹಲ್ಲಿಗೆ ಅಂಟಿ ಕಲ್ಲಾದ ಪಾಚಿಯ ಮೇಲೆ. ಈ ಗಟ್ಟಿ ಪಾಚಿ ಬ್ರಶ್ಶಿಗೆ ಬರುವುದಿಲ್ಲ, ಜೆಲ್ಲಿಗೆ ಕರಗುವುದಿಲ್ಲ. ಕ್ಲಿನಿಕ್ಕಿನಲ್ಲಿ ಮಷೀನಿನಿಂದ ತೆಗೆಸಬೇಕು. ನಾವು ಅದನ್ನು ಸ್ಕೇಲಿಂಗ್ ಎನ್ನುತ್ತೇವೆ, ಜನ 'ಹಲ್ಲು ಕ್ಲೀನ್ ಮಾಡಿಸೂದು' ಎನ್ನುತ್ತಾರೆ. ಅದಾದ ಮೇಲೆ ಪಾಲಿಶ್. ತಮ್ಮನಿಗೆ ಮೊದಲು ಮಾಡಿದ್ದು ಇಷ್ಟೇ, ಮುಕ್ಕಾಲು ತಾಸಿನ ಕೆಲಸ. ಕನ್ನಡಿ ಕೊಟ್ಟರೆ "ಆತಲ್ರಿ ಬೆಳ್ಳಗ, ಇನ್ನ್ಯಾಕ ಜೆಲ್ಲು?" ಎಂದರು. ಬಿಳುಪಿನ ಆಸೆ ಹೊತ್ತು ಬಂದ ಎಷ್ಟೋ ಜನರ ಆಸೆ ಇಷ್ಟಕ್ಕೇ ತೀರುತ್ತದೆ. ಹೀಗೆ ಹೇಳಿದರೆ ಗಲ್ಲಾಪೆಟ್ಟಿಗೆಗೆ ನಷ್ಟ, ಅದಕ್ಕೇ ಎಲ್ಲರೂ ಹೇಳುವುದಿಲ್ಲ.

ಇಲ್ಲಿ ಒಂದು ಭಯ ಅಡ್ಡ ಬರುತ್ತದೆ. 'ಕ್ಲೀನ್ ಮಾಡಿಸಿದರ ಹಲ್ಲು ಸಡಲಾಕ್ಕಾವ, ಸಂದಿ ಬೀಳತಾವ' ಅನ್ನುವುದನ್ನು ನಾನು ದಿನಾ ಕೇಳುತ್ತೇನೆ. ಪಾಚಿ ಒಸಡನ್ನು ಕೆಳಗೆ ತಳ್ಳಿ, ಎಲುಬನ್ನು ತಿನ್ನಿಸಿ, ಹಲ್ಲಿನ ನಡುವಿನ ಜಾಗದಲ್ಲಿ ತಾನೇ ತುಂಬಿಕೊಂಡಿರುತ್ತದೆ. ತೆಗೆದಾಗ ಸಂದಿ ಕಾಣುತ್ತದೆ. ಸಂದಿ ಮೊದಲೇ ಆಗಿತ್ತು, ಮೇಲೆ ಗಾರೆ ಮೆತ್ತಿತ್ತು, ಅಷ್ಟೇ. ಆ ಗಾರೆಯನ್ನು ನಂಬಿ ಕೂತರೆ ಕೊನೆಗೆ ಹಲ್ಲೇ ಉದುರುತ್ತದೆ.

ಕೆಲವೊಮ್ಮೆ ಕಲೆಯ ಮೂಲ ಔಷಧಿ. ಒಸಡಿನ ಬಾವಿಗೆ ಕೊಡುವ ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸುವ ನೀರನ್ನು ವಾರಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ. ಮಕ್ಕಳಿಗೆ ಕುಡಿಸುವ ಕಬ್ಬಿಣಾಂಶದ ಟಾನಿಕ್ಕಿನಿಂದ ಕಪ್ಪು ಗೆರೆ ಬರುತ್ತದೆ. ಎರಡೂ ಮೇಲಿನ ಕೊಳೆಯೇ, ಪಾಲಿಶ್ ಮಾಡಿದರೆ ಹೋಗುತ್ತವೆ.

ಗುಟ್ಕಾ, ಅಡಿಕೆ ಹಾಕುವವರಿಗೆ ಮಾತ್ರ ಒಂದು ಮಾತು, ಬಿಳುಪಿಗಿಂತ ದೊಡ್ಡ ಮಾತು. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂಬಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಉಜ್ಜಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ಹಲ್ಲಿನ ಬಣ್ಣದ ಯೋಚನೆ ಪಕ್ಕಕ್ಕಿಡಿ. ಅಡಿಕೆಯಿಂದ ಬಾಯಿಯ ಒಳಚರ್ಮ ನಾರುಗಟ್ಟುವ ಕಾಯಿಲೆ ಅದಾಗಿರಬಹುದು, ಅದು ಕ್ಯಾನ್ಸರಿನ ಕಡೆಗೆ ತಿರುಗಬಲ್ಲದು. ಬರೀ ಅಡಿಕೆ, ತಂಬಾಕಿಲ್ಲ ಎಂಬ ಸಮಾಧಾನ ಬೇಡ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಬೆಳಗಾವಿಯಲ್ಲಿ ಕೆಎಲ್‌ಇ ಮತ್ತು ಮರಾಠಾ ಮಂಡಳದ ದಂತ ಕಾಲೇಜುಗಳಿವೆ, ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು, ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜು. ಕಾಲೇಜು ಆಸ್ಪತ್ರೆಗಳಲ್ಲಿ ಇದನ್ನು ನೋಡುವುದಕ್ಕೇ ಬೇರೆ ವಿಭಾಗವಿರುತ್ತದೆ.

ಅಡುಗೆಮನೆಯ ಉಪಾಯಗಳು

ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, ಒಳ್ಳೆಯದು. ಆ ನಿಂಬೆ ಉಪ್ಪಿನಕಾಯಿಗೆ ಹೋಗಲಿ, ಶರಬತ್ತಿಗೆ ಹೋಗಲಿ, ಹಲ್ಲಿಗೆ ತಿಕ್ಕುವುದು ಬೇಡ. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಎನಾಮಲ್ ಕರಗತೊಡಗುವುದು ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ. ನಿಂಬೆರಸದ ಪಿಎಚ್ ಎರಡರ ಆಸುಪಾಸು. ನಿಂಬೆಗೆ ಅಡಿಗೆ ಸೋಡಾ ಬೆರೆಸಿ ತಿಕ್ಕುವ ವಿಡಿಯೊಗಳಲ್ಲಿ ನೊರೆ ಬರುವುದು ಹುಳಿಗೂ ಸೋಡಾಕ್ಕೂ ಆದ ಜಗಳದಿಂದ. ಕಲೆ ಕಿತ್ತು ಬಂದ ಗುರುತಲ್ಲ ಅದು. ಮೊದಲ ದಿನ ಹಲ್ಲು ಹೊಳೆದಂತೆ ಕಾಣುತ್ತದೆ. ಮೇಲ್ಪದರು ಕರಗಿದ್ದರಿಂದ ಬಂದ ಹೊಳಪು. ಹೀಗೇ ಮುಂದುವರಿಸಿದರೆ ಎನಾಮಲ್ ತೆಳುವಾಗಿ ಒಳಗಿನ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ, ಅಂದರೆ ಬಿಳುಪಿಗೆಂದು ತಿಕ್ಕಿ ಹಳದಿ ಕೊಂಡಂತೆ. ಕರಗಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಇದ್ದಿಲು, ಇಟ್ಟಂಗಿ ಪುಡಿ, ಬೂದಿ, ಉಪ್ಪು, ಕೆಂಪು ಹಲ್ಲುಪುಡಿ ಇವೆಲ್ಲ ಉಜ್ಜುಗಾರರು. ಪಾತ್ರೆಯ ಮಸಿಗೆ ಸರಿ. ಇದ್ದಿಲು ಈಗ ಕಪ್ಪು ಟ್ಯೂಬಿನಲ್ಲಿ ಕೂತು 'ಆಕ್ಟಿವೇಟೆಡ್ ಚಾರ್ಕೋಲ್' ಎಂದು ಹೆಸರು ಬದಲಿಸಿಕೊಂಡಿದೆ. ಅಜ್ಜಿ ಒಲೆಯಿಂದ ತೆಗೆದು ಕೊಟ್ಟಾಗ ಮೂಗು ಮುರಿದವರು ಈಗ ದುಡ್ಡು ಕೊಟ್ಟು ತರುತ್ತಾರೆ. ಅದು ಹಲ್ಲಿನ ಒಳಬಣ್ಣ ಬದಲಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಬೇವಿನ ಕಡ್ಡಿಯ ಮೇಲೆ ನನಗೆ ಸಿಟ್ಟಿಲ್ಲ. ಮೆಲ್ಲಗೆ ತಿಕ್ಕಿದರೆ ಹಲ್ಲು ಸ್ವಚ್ಛವಾಗುತ್ತದೆ, ಬಣ್ಣ ಬದಲಾಗುವುದಿಲ್ಲ.

'ವೈಟನಿಂಗ್' ಎಂದು ಬರೆದ ಪೇಸ್ಟುಗಳಲ್ಲಿ ಎರಡು ತರಹ. ಹೆಚ್ಚಿನವು ನಯವಾದ ಉಜ್ಜುಪುಡಿಯಿಂದ ಮೇಲಿನ ಚಹಾ ಕಲೆ ತೆಗೆಯುತ್ತವೆ, ಕ್ಲೀನ್ ಮಾಡಿಸಿದ ಮೇಲೆ ಹಲ್ಲನ್ನು ಹಾಗೇ ಕಾಯ್ದುಕೊಳ್ಳಲು ಅಡ್ಡಿಯಿಲ್ಲ. ಇನ್ನು ಕೆಲವು, ಜೊತೆಗೆ ಈಗ ಮಾರುಕಟ್ಟೆಗೆ ಬಂದಿರುವ ನೇರಳೆ ಬಣ್ಣದ ಸೀರಮ್ಮುಗಳು, ಹಳೆಯ ಅಗಸರ ವಿದ್ಯೆಯವು: ಹಳದಿಗಟ್ಟಿದ ಬಿಳಿ ಧೋತರಕ್ಕೆ ನೀಲಿ ಹಾಕಿದಂತೆ. ನೀಲಿ-ನೇರಳೆಯ ತೆಳು ಪದರ ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ. ಒಂದೆರಡು ತಾಸಿಗೆ ಜೊಲ್ಲಿನಲ್ಲಿ ತೊಳೆದುಹೋಗುತ್ತದೆ. ಫೋಟೊ ತೆಗೆಸುವಷ್ಟು ಹೊತ್ತಿಗಾದರೆ ಆದೀತು.

ನೂಲಿನ ಬಣ್ಣ: ಇಲ್ಲಿ ಬರುತ್ತದೆ ಮನೆ-ಕ್ಲಿನಿಕ್ ಪ್ರಶ್ನೆ

ತಮ್ಮ ಹತ್ತು ದಿನ ಬಿಟ್ಟು ಮತ್ತೆ ಬಂದರು. ಕೊಳೆ ಹೋಗಿದ್ದು ಖುಷಿ, ಆದರೆ ತಳದ ಹಳದಿ ಉಳಿದಿದೆ, ಅದೂ ಹೋಗಬೇಕು. ಈಗ ಬ್ಲೀಚಿಗೆ ಅರ್ಥ ಬಂತು.

ಜಗತ್ತಿನಾದ್ಯಂತ ಹಲ್ಲಿನ ಬ್ಲೀಚಿಗೆ ಬಳಸುವುದು ಮುಖ್ಯವಾಗಿ ಒಂದೇ ವಸ್ತು, ಹೈಡ್ರೋಜನ್ ಪೆರಾಕ್ಸೈಡ್. ಅದನ್ನು ಯೂರಿಯಾದೊಂದಿಗೆ ಕಟ್ಟಿದರೆ ಕಾರ್ಬಮೈಡ್ ಪೆರಾಕ್ಸೈಡ್ ಆಗುತ್ತದೆ. ಶೇಕಡಾ 10ರ ಕಾರ್ಬಮೈಡ್ ಎಂದರೆ ಸುಮಾರು ಶೇಕಡಾ 3.5ರ ಹೈಡ್ರೋಜನ್ ಪೆರಾಕ್ಸೈಡಿಗೆ ಸಮ. ಡಬ್ಬಿಯ ಮೇಲಿನ ಅಂಕಿ ನೋಡುವಾಗ ಯಾವುದರ ಶೇಕಡಾ ಎಂದು ನೋಡದಿದ್ದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ಪೆರಾಕ್ಸೈಡಿನ ಕಣ ಬಲು ಚಿಕ್ಕದು. ಎನಾಮಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು, ಡೆಂಟಿನ್ನಿನಲ್ಲಿ ಕೂತ ಬಣ್ಣದ ದೊಡ್ಡ ಅಣುಗಳನ್ನು ಒಡೆಯುತ್ತದೆ. ಒಡೆದ ತುಣುಕುಗಳು ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ, ಹಲ್ಲು ತಿಳಿಯಾಗಿ ಕಾಣುತ್ತದೆ. ಅದೇ ಕಣ ಇನ್ನೂ ಒಳಗಿಳಿದು ನರದವರೆಗೂ ಹೋಗುತ್ತದೆ, ಅದೂ ನಿಮಿಷಗಳಲ್ಲಿ. ಬ್ಲೀಚ್ ಮಾಡಿಸಿದವರಿಗೆ ಹಲ್ಲು ಝುಮ್ಮೆನ್ನುವುದು ಅದಕ್ಕೇ.

ಈಗ ದಾರಿಗಳು. ಕ್ಲಿನಿಕ್ಕಿನಲ್ಲಿ ಕೂರಿಸಿ ಮಾಡುವುದು ಒಂದು. ಜೆಲ್ಲಿನಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಬಲ ಶೇಕಡಾ 25ರಿಂದ 40ರವರೆಗೆ. ಚರ್ಮಕ್ಕೆ ತಾಗಿದರೆ ಸುಡುವಷ್ಟು ತೀಕ್ಷ್ಣ. ಆದ್ದರಿಂದ ಒಸಡಿನ ಮೇಲೆ ಗಟ್ಟಿಯಾಗುವ ರಾಳದ ಒಡ್ಡು ಕಟ್ಟಿ, ಕಣ್ಣಿಗೆ ಕನ್ನಡಕ ಹಾಕಿ, ಹದಿನೈದಿಪ್ಪತ್ತು ನಿಮಿಷದಂತೆ ಎರಡು-ಮೂರು ಸಲ ಹಚ್ಚಿ ಒರೆಸುತ್ತಾರೆ. ಒಂದೇ ದಿನದಲ್ಲಿ ಕಣ್ಣಿಗೆ ಕಾಣುವ ಬದಲಾವಣೆ. ಇದರಲ್ಲೊಂದು ಮರ್ಮವಿದೆ. ಅಷ್ಟು ಹೊತ್ತು ಬಾಯಿ ಅಗಲಿಸಿ ಹಲ್ಲನ್ನು ಒಣಗಿಸಿಟ್ಟಾಗ ಎನಾಮಲ್ಲಿನ ರಂಧ್ರಗಳಲ್ಲಿದ್ದ ನೀರು ಹೋಗಿ ಗಾಳಿ ತುಂಬುತ್ತದೆ, ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಕುರ್ಚಿಯಿಂದ ಎದ್ದಾಗ ತೆಗೆದ ಫೋಟೊ ಹಾಗಾಗಿ ಅರ್ಧ ಸುಳ್ಳು. ಜೊಲ್ಲಿನ ನೀರು ಹೀರಿ ಹಲ್ಲು ತನ್ನ ನಿಜ ಬಣ್ಣಕ್ಕೆ ಬರಲು ಕೆಲವು ದಿನ ಬೇಕು. 'ವಾರದಾಗ ಹೊಳ್ಳಿ ಹಳದಿ ಆತು, ಮೋಸ' ಎಂಬ ಜಗಳಗಳ ಮೂಲ ಇಲ್ಲಿದೆ. ಬೇಕಾದ ಬಣ್ಣಕ್ಕೆ ಒಂದೇ ಸಲ ಸಾಲದೆ ಎರಡು, ಮೂರು ಸಲ ಕೂರಬೇಕಾಗುವುದೂ ಉಂಟು. ಒಟ್ಟು ಎಷ್ಟು ಸಲ, ಹಣ ಒಂದು ಸಲದ್ದೋ ಒಟ್ಟಿನದ್ದೋ ಎಂದು ಮೊದಲೇ ಕೇಳಿ.

ಜೆಲ್ ಹಚ್ಚಿದ ಮೇಲೆ ಹಲ್ಲಿಗೆ ಹಿಡಿಯುವ ನೀಲಿ ದೀಪದ ಬಗ್ಗೆ ಎಲ್ಲರೂ ಕೇಳುತ್ತಾರೆ. ಜಾಹೀರಾತಿಗೆ ಅದು ಚಂದ. ದೀಪವಿದ್ದರೂ ಇಲ್ಲದಿದ್ದರೂ ಕೊನೆಗೆ ನಿಲ್ಲುವ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಬಿಸಿ ಹೆಚ್ಚಿಸುವ ದೀಪವಾದರೆ ಝುಮ್ ಮಾತ್ರ ಹೆಚ್ಚು. ಕೆಲಸ ಮಾಡುವುದು ಜೆಲ್.

ಎರಡನೆಯದು ಆನ್‌ಲೈನ್ ಕಿಟ್. ತಮ್ಮ ಮೊಬೈಲಿನಲ್ಲಿ ತೋರಿಸಿದ್ದು ಅಂಥದೇ. ಜೆಲ್ ತುಂಬಿದ ಸಿರಿಂಜು, ಬಿಸಿನೀರಲ್ಲಿ ಅದ್ದಿ ಕಚ್ಚಿ ಆಕಾರ ಕೊಡುವ ಒಂದು ಅಚ್ಚು, ಬಾಯಲ್ಲಿ ಕಚ್ಚಿಕೊಳ್ಳುವ ಪುಟ್ಟ ದೀಪ. ಎಲ್ಲರ ಬಾಯಿಗೂ ಒಂದೇ ಅಳತೆಯ ಅಚ್ಚು ಯಾರ ಬಾಯಿಗೂ ಸರಿಯಾಗಿ ಕೂರುವುದಿಲ್ಲ. ಜೆಲ್ ಸೋರಿ ಒಸಡಿಗೆ ಹರಿಯುತ್ತದೆ, ಒಸಡು ಬಿಳಿಚಿ ಉರಿಯುತ್ತದೆ. ಕೆಲವು ಡಬ್ಬಿಗಳ ಮೇಲೆ ಬಲ ಎಷ್ಟೆಂದೇ ಬರೆದಿರುವುದಿಲ್ಲ. ನಮ್ಮೂರಿಗೇ ವಿಶೇಷವಾದ ತೊಂದರೆ ಇನ್ನೊಂದು: ಪೆರಾಕ್ಸೈಡ್ ಬಿಸಿಗೆ ತಾನಾಗಿ ಒಡೆದು ನೀರಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಾಗಲಕೋಟೆ, ವಿಜಯಪುರದ ಬಿಸಿಲಲ್ಲಿ ಕೊರಿಯರ್ ಗಾಡಿಯ ಹೊಟ್ಟೆಯಲ್ಲಿ ದಿನಗಟ್ಟಲೆ ಕೂತು ಬಂದ ಸಿರಿಂಜಿನಲ್ಲಿ ಬಲ ಎಷ್ಟು ಉಳಿದಿರುತ್ತದೆ ಎಂದು ಯಾರೂ ಹೇಳಲಾರರು. ಹಲ್ಲಿಗೆ ಅಂಟಿಸುವ ಪಟ್ಟಿಗಳು ಇದಕ್ಕಿಂತ ವಾಸಿ, ಒಳ್ಳೆಯ ಕಂಪನಿಯ ಪೆರಾಕ್ಸೈಡ್ ಪಟ್ಟಿಗಳು ನಿಜಕ್ಕೂ ಕೆಲಸ ಮಾಡುತ್ತವೆ. ಆದರೆ ಓರೆಕೋರೆ ಹಲ್ಲಿನ ಸಂದಿಗಳಿಗೆ ಅವು ತಲುಪುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ಕೊರತೆ, ಹಚ್ಚುವ ಮೊದಲು ಯಾರೂ ಬಾಯಿ ನೋಡಿರುವುದಿಲ್ಲ. ಹುಳುಕಿದ್ದರೆ ಜೆಲ್ ನೇರ ನರಕ್ಕೆ ಇಳಿಯುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2012ರಿಂದ ಒಂದು ನಿಯಮವಿದೆ. ಹೈಡ್ರೋಜನ್ ಪೆರಾಕ್ಸೈಡಿನ ಬಲ ಶೇಕಡಾ 0.1ರಿಂದ 6ರವರೆಗಿನ ಬಿಳುಪು ಸಾಮಗ್ರಿಯನ್ನು ದಂತವೈದ್ಯರ ಮೂಲಕವೇ ಕೊಡಬೇಕು, 18 ತುಂಬದವರಿಗೆ ಕೊಡಬಾರದು. ಮೊದಲ ಸಲ ಹಚ್ಚುವುದು ವೈದ್ಯರ ಕಣ್ಣೆದುರು, ಮುಂದಿನದು ಮನೆಯಲ್ಲಿ.

ಮೂರನೆಯ ದಾರಿಯೇ ನನಗೆ ಮೆಚ್ಚು. ಅದನ್ನು ಕೇಳಿಕೊಂಡು ಬರುವವರು ಮಾತ್ರ ಬಲು ಕಡಿಮೆ. ಕ್ಲಿನಿಕ್ಕಿನಲ್ಲಿ ಹಲ್ಲಿನ ಅಳತೆ ತೆಗೆದು, ನಿಮ್ಮ ಬಾಯಿಗೇ ಕೂರುವ ತೆಳುವಾದ ಪಾರದರ್ಶಕ ಟ್ರೇ ಮಾಡಿಕೊಡುತ್ತಾರೆ. ಅದರಲ್ಲಿ ಒಂದೊಂದು ಹಲ್ಲಿನ ಗುಳಿಗೆ ಅಕ್ಕಿಕಾಳಿನಷ್ಟು, ಶೇಕಡಾ 10 ಅಥವಾ 16ರ ಕಾರ್ಬಮೈಡ್ ಜೆಲ್ ಹಾಕಿ ರಾತ್ರಿ ಹಾಕಿಕೊಂಡು ಮಲಗುವುದು. ಹೊರಗೆ ಉಕ್ಕಿದ್ದನ್ನು ಬೆರಳಿಂದ ಒರೆಸಬೇಕು. ಎರಡು ವಾರದ ಸುಮಾರಿಗೆ ಬಣ್ಣ ಇಳಿಯುತ್ತದೆ. ಕಾರ್ಬಮೈಡ್ ಮೊದಲ ಎರಡು ತಾಸಿನಲ್ಲಿ ತನ್ನ ಬಲದ ಅರ್ಧದಷ್ಟು ಬಿಟ್ಟು, ಉಳಿದದ್ದನ್ನು ಬೆಳಗಿನವರೆಗೆ ನಿಧಾನವಾಗಿ ಬಿಡುತ್ತದೆ. ರಾತ್ರಿ ಆಗದಿದ್ದರೆ ಹಗಲಲ್ಲಿ ಎರಡು ತಾಸು ಇಟ್ಟುಕೊಂಡರೂ ನಡೆಯುತ್ತದೆ, ದಿನ ಹೆಚ್ಚು ಹಿಡಿಯುತ್ತದೆ ಅಷ್ಟೆ. ಇದು ಹೊಸ ವಿದ್ಯೆಯೇನಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕಾನ್ಸಾಸಿನ ಕ್ಲುಸ್ಮಿಯರ್ ಎಂಬ ದಂತವೈದ್ಯರು ಒಸಡಿನ ಹುಣ್ಣಿಗೆಂದು ಟ್ರೇಯಲ್ಲಿ ಪೆರಾಕ್ಸೈಡ್ ಔಷಧಿ ಹಾಕಿಸಿದರು. ಒಸಡು ವಾಸಿಯಾಯಿತು, ಹಲ್ಲೂ ಬೆಳ್ಳಗಾಗಿತ್ತು. ಹೇವುಡ್ ಮತ್ತು ಹೇಮನ್ 1989ರಲ್ಲಿ ಈ ಪದ್ಧತಿಯನ್ನು ಶಾಸ್ತ್ರೀಯವಾಗಿ ಬರೆದು ಪ್ರಕಟಿಸಿದ ಮೇಲೆ ಅದು ಎಲ್ಲೆಡೆ ಹಬ್ಬಿತು.

ಬಲ ಕಡಿಮೆಯಾದ್ದರಿಂದ ಝುಮ್ ಕಡಿಮೆ, ಕ್ಲಿನಿಕ್ಕಿನ ಕುರ್ಚಿಗೆ ಬಾಡಿಗೆ ಕಟ್ಟಿದಂತಿಲ್ಲವಾದ್ದರಿಂದ ಸಾಮಾನ್ಯವಾಗಿ ಖರ್ಚೂ ಕಡಿಮೆ. ಕೊನೆಗೆ ಬರುವ ಬಣ್ಣ ಕ್ಲಿನಿಕ್ಕಿನದಕ್ಕೆ ಸರಿಸಮ. ಟ್ರೇ ನಿಮ್ಮ ಬಳಿಯೇ ಉಳಿಯುತ್ತದೆ. ಒಂದೆರಡು ವರ್ಷದಲ್ಲಿ ಬಣ್ಣ ಮತ್ತೆ ಮಂಕಾದಾಗ ಜೆಲ್ ಮಾತ್ರ ತಂದು ಎರಡು-ಮೂರು ರಾತ್ರಿ ಹಾಕಿಕೊಂಡರೆ ಸಾಕು. ಟ್ರೇಯನ್ನು ಬಿಸಿನೀರಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ತಣ್ಣೀರೇ ಸರಿ. ಜೆಲ್ ಫ್ರಿಜ್ಜಿನಲ್ಲಿರಲಿ, ಮಕ್ಕಳ ಕೈಗೆ ಸಿಗದಂತೆ.

ಝುಮ್ ಬಂದರೆ ಒಂದು ದಿನ ಬಿಟ್ಟು ಒಂದು ದಿನ ಹಾಕಿಕೊಳ್ಳಿ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಎರಡು ವಾರ ಮೊದಲೇ ಶುರು ಮಾಡಿದರೆ ಇನ್ನೂ ಒಳಿತು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದು ತಾನಾಗಿ ಹೋಗುತ್ತದೆ. ಬಸುರಿ, ಬಾಣಂತಿಯರು ಬ್ಲೀಚನ್ನು ಮುಂದಕ್ಕೆ ಹಾಕಿ. ತಂಬಾಕು ಬಿಡದೆ ಬ್ಲೀಚ್ ಮಾಡಿಸುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ.

ಹಾಗಾದರೆ ಕ್ಲಿನಿಕ್ಕಿನ ತೀಕ್ಷ್ಣ ಜೆಲ್ ಯಾರಿಗೆ? ವಾರದೊಳಗೆ ಮದುವೆ ಇಟ್ಟುಕೊಂಡವರಿಗೆ, ಬಾಯಲ್ಲಿ ಟ್ರೇ ಇಟ್ಟರೆ ವಾಕರಿಕೆ ಬರುವವರಿಗೆ, ಎರಡು ವಾರ ನೆನಪಿಟ್ಟು ಮಾಡುವ ತಾಳ್ಮೆ ಇಲ್ಲದವರಿಗೆ. ಮದುವೆಯ ಹಿಂದಿನ ದಿನ ಮಾತ್ರ ಯಾರೂ ಬರಬೇಡಿ. ಝುಮ್ಮೆನ್ನುವ ಹಲ್ಲಿಟ್ಟುಕೊಂಡು ತಣ್ಣನೆಯ ಬಾಸುಂದಿ ತಿನ್ನುವ ಮದುಮಗನ ಮುಖ ಯಾವ ಫೋಟೊದಲ್ಲೂ ಚೆನ್ನಾಗಿ ಬರುವುದಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ಮಾಡಿಸುವ ಯೋಚನೆಯೂ ಬೇಡ. 1948ರ ದಂತವೈದ್ಯರ ಕಾಯ್ದೆಯ ಕಾಲದಿಂದಲೂ ಹಲ್ಲಿನ ಚಿಕಿತ್ಸೆ ನೋಂದಾಯಿತ ವೈದ್ಯರ ಕೆಲಸ.

ಬ್ಲೀಚ್ ಬದಲಿಸದ ಬಣ್ಣಗಳೂ ಇವೆ. ಹಲ್ಲಿಗೆ ಹಾಕಿದ ಕ್ಯಾಪ್, ಹುಳುಕಿಗೆ ತುಂಬಿದ ಸಿಮೆಂಟು ಬೆಳ್ಳಗಾಗುವುದಿಲ್ಲ. ಮುಂಬಲ್ಲಿನಲ್ಲಿ ಹಳೆಯ ಸಿಮೆಂಟಿದ್ದರೆ ಸುತ್ತಲಿನ ಹಲ್ಲು ತಿಳಿಯಾಗಿ ಅದೊಂದೇ ತೇಪೆಯಂತೆ ಕಾಣುತ್ತದೆ. ಆಮೇಲೆ ಬದಲಿಸಬೇಕು, ಅದೂ ಎರಡು ವಾರ ಬಿಟ್ಟು. ಹಲ್ಲಿನೊಳಗೆ ಉಳಿದ ಆಮ್ಲಜನಕ ಹೊಸ ಸಿಮೆಂಟನ್ನು ಅಂಟಗೊಡುವುದಿಲ್ಲ. ಸಣ್ಣವರಿದ್ದಾಗ ಬಿದ್ದು ಪೆಟ್ಟಾಗಿ ಒಂದೇ ಹಲ್ಲು ಕಪ್ಪಾಗಿದ್ದರೆ ಅದರ ನರ ಸತ್ತಿರಬಹುದು. ಅದಕ್ಕೆ ರೂಟ್ ಕೆನಾಲ್ ಮಾಡಿ, ಹಲ್ಲಿನ ಒಳಗಿಂದಲೇ ಬ್ಲೀಚ್ ಇಡುವ ಬೇರೆ ವಿಧಾನವಿದೆ. ಎಳವೆಯಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ತಿಂದು ಬೂದು ಪಟ್ಟೆ ಬಂದವರಿಗೆ ಟ್ರೇ ಬ್ಲೀಚನ್ನೇ ತಿಂಗಳುಗಟ್ಟಲೆ ಮಾಡಬೇಕಾಗುತ್ತದೆ.

ಅಣ್ಣನ ಹಲ್ಲು

ಅಣ್ಣ ಹುಟ್ಟಿ ಬೆಳೆದದ್ದು ಹಳ್ಳಿಯ ಬೋರ್‌ವೆಲ್ ನೀರು ಕುಡಿದು. ತಮ್ಮ ಕೂಸಿದ್ದಾಗಲೇ ಅವ್ವನಿಗೆ ಮೈಯಲ್ಲಿ ಆರಾಮಿಲ್ಲದ್ದರಿಂದ ಸೋದರಮಾವನ ಮನೆ ಸೇರಿದರು, ಅಲ್ಲಿಯ ನೀರು ಬೇರೆ. ಇಬ್ಬರ ಹಲ್ಲಿನ ವ್ಯತ್ಯಾಸಕ್ಕೆ ಇಷ್ಟೇ ಕಾರಣ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಹೆಚ್ಚು. ಬಂಡೆಯೊಳಗಿನ ಖನಿಜದಿಂದ ಅದು ನೀರಿಗಿಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ಮಗು ಕುಡಿಯುತ್ತ ಬೆಳೆದರೆ, ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೇಲ್ಪದರು ಗಟ್ಟಿ, ಅದರ ಕೆಳಗೆ ಪೊಳ್ಳು ಪೊಳ್ಳು. ಮಗ್ಗದ ಮೇಲೇ ಎಳೆ ತಪ್ಪಿದ್ದು ಎಂದೆನಲ್ಲ, ಇದೇ. ಎಂಟು ವರ್ಷ ದಾಟಿದ ಮೇಲೆ ಎಷ್ಟು ಫ್ಲೋರೈಡ್ ಕುಡಿದರೂ ಮುಂಬಲ್ಲಿಗೆ ಈ ಕಲೆ ಹೊಸದಾಗಿ ಬರುವುದಿಲ್ಲ, ಎಲುಬಿಗೆ ಬೇಕಾದರೆ ತೊಂದರೆ ಬಂದೀತು. ಕಂದು ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಇಂಥ ಹಲ್ಲು ಹೊರಬರುವಾಗ ಸುಣ್ಣದಂತೆ ಬೆಳ್ಳಗಿರುತ್ತದೆ. ಪೊಳ್ಳಿನಲ್ಲಿ ಚಹಾ, ಪಲ್ಯ, ಸಾರಿನ ಬಣ್ಣ ವರ್ಷಗಟ್ಟಲೆ ಇಳಿದು ಕಂದಾಗುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರಿನಲ್ಲಿ.

"ತಿಕ್ಕೋದ ಇಲ್ಲ ಅಂತಾರ್ರಿ ಮಂದಿ" ಎಂದರು ಅಣ್ಣ, ಕೈ ಬಾಯಿಗೆ ಅಡ್ಡ ಹಿಡಿದುಕೊಂಡೇ. ಈ ಭಾಗದಲ್ಲಿ ಹೀಗೆ ಕೈ ಅಡ್ಡ ಹಿಡಿದು ನಗುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಹೆಣ್ಣು ನೋಡಲು ಹೋದಲ್ಲಿ ಮಾತು ಕೇಳಿದವರು, ಶಾಲೆಯಲ್ಲಿ ಬೈಸಿಕೊಂಡವರು. ಅವರು ತಿಕ್ಕದೆ ಬಂದ ಕಲೆಯಲ್ಲ ಇದು. ತಿಕ್ಕಿ ತಿಕ್ಕಿ ಒಸಡು ಹರಿದುಕೊಂಡವರೇ ಹೆಚ್ಚು.

ಅಣ್ಣ ಆನ್‌ಲೈನ್ ಜೆಲ್ ಹಚ್ಚಿದ್ದರೆ ಏನಾಗುತ್ತಿತ್ತು? ಕಂದು ಒಂದಿಷ್ಟು ತಿಳಿಯಾಗುತ್ತಿತ್ತು. ಬಿಳಿ ಪಟ್ಟೆಗಳು ಹಾಗೇ ಉಳಿದು, ಮೊದಮೊದಲು ಇನ್ನೂ ಎದ್ದು ಕಾಣುತ್ತಿದ್ದವು. ಇಂಥ ಹಲ್ಲಿಗೆ ಕ್ಲಿನಿಕ್ಕಿನ ಕೆಲಸವೇ ಬೇಕು, ಅಲ್ಲೂ ಬ್ಲೀಚ್ ಒಂದು ಭಾಗ ಮಾತ್ರ. ಮೈಕ್ರೋಅಬ್ರೇಶನ್ ಎಂಬುದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನಯವಾದ ಪುಡಿ ಸೇರಿಸಿ ಮೇಲಿನ ಕಲೆಯ ಪದರವನ್ನು ಉಜ್ಜಿ ತೆಗೆಯುತ್ತಾರೆ. ಹೋಗುವ ಎನಾಮಲ್ ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು. ನಿಂಬೆಹಣ್ಣನ್ನು ಬೈದ ನಾನೇ ಆಮ್ಲ ಹಚ್ಚುತ್ತೇನೆ ಎಂದರೆ ನಗಬೇಡಿ. ಎಷ್ಟು ಸೆಕೆಂಡು, ಎಷ್ಟು ಜಾಗ ಎಂಬ ಲೆಕ್ಕದಲ್ಲೇ ಎಲ್ಲವೂ ಇದೆ. ಉಳಿದ ಬಿಳಿ ಪಟ್ಟೆಗೆ ರಾಳ ಇಳಿಸುವ ವಿಧಾನವಿದೆ. ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರನ್ನು ನೆನಪಿಸಿಕೊಳ್ಳಿ. ಎಣ್ಣೆ ಹೀರಿದ ಕಡೆ ಪೇಪರ್ ಪಾರದರ್ಶಕವಾಗಿ ಹಿಂದಿನ ಬೆರಳು ಕಾಣುತ್ತದೆಯಲ್ಲ? ನಾರಿನ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ಬಂದು ಬೆಳಕು ಚೆದುರುವುದು ನಿಂತದ್ದೇ ಕಾರಣ. ಪೊಳ್ಳು ಎನಾಮಲ್ಲಿನಲ್ಲೂ ಹಾಗೇ. ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಗೆ ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ಎನಾಮಲ್ಲಿನದು 1.62, ಗಾಳಿಯದು 1, ನೀರಿನದು 1.33, ರಾಳದ್ದು ಸುಮಾರು 1.52. ಪೊಳ್ಳಿನಲ್ಲಿ ರಾಳ ತುಂಬಿದರೆ ಎರಡರ ಅಂತರ ಕಿರಿದಾಗಿ ಬಿಳಿ ಮಚ್ಚೆ ಸುತ್ತಲಿನ ಬಣ್ಣದಲ್ಲಿ ಬೆರೆಯುತ್ತದೆ. ಕಲೆ ತೀರ ಆಳವಿದ್ದು ಎನಾಮಲ್ ಕಿತ್ತು ಬಂದಿದ್ದರೆ ಮಾತ್ರ ಮೇಲೆ ಸಿಮೆಂಟು ಅಥವಾ ವಿನೀರ್ ಎಂಬ ತೆಳು ಹೊದಿಕೆ ಹೊದಿಸಬೇಕು. ಅದು ಕೊನೆಯ ದಾರಿ. ಮೊದಲ ದಿನವೇ ಆರು ಹಲ್ಲಿಗೆ ಕ್ಯಾಪ್ ಹಾಕೋಣ ಎನ್ನುವವರಿದ್ದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಅಣ್ಣನದು ನಡುವಿನ ಪ್ರಮಾಣದ್ದು. ಎರಡು ಸಲ ಮೈಕ್ರೋಅಬ್ರೇಶನ್, ಆಮೇಲೆ ಮೂರು ವಾರ ಟ್ರೇ. ಕಂದು ಪೂರ್ತಿ ಹೋಯಿತು. ಬಿಳಿ ಪಟ್ಟೆಗಳು ಹತ್ತಿರದಿಂದ ನೋಡಿದರೆ ಕಾಣುತ್ತವೆ, ಮಾತಾಡುವ ದೂರದಿಂದ ಕಾಣುವುದಿಲ್ಲ. ರಾಳದ ಖರ್ಚು ಬೇಡ, ಇಷ್ಟು ಸಾಕು ಎಂದರು.

ಟ್ರೇ ಒಯ್ಯಲು ಬಂದ ದಿನ ಅವರ ಜೊತೆ ಎರಡು ವರ್ಷದ ಮಗಳಿದ್ದಳು. ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ ಎಂದೆ. "ನದಿ ನೀರಿನ ನಳ ಬಂದಾವ್ರಿ, ಆದ್ರ ದಿನಾ ಬರೂದಿಲ್ಲ. ಬರದಿದ್ದಾಗ ಬೋರಿಂದ. ಕಾಸಿ ಕುಡಸ್ತೀವ್ರಿ." ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ ಎಂದು ಹೇಳಿದೆ. ಆರ್‌ಒ ಯಂತ್ರ ತೆಗೆಯುತ್ತದೆ, ಬಟ್ಟೆಯ ಸೋಸುವಿಕೆ ತೆಗೆಯುವುದಿಲ್ಲ ಎಂದೂ ಹೇಳಿದೆ. ಗ್ರಾಮ ಪಂಚಾಯಿತಿಯ ಮೂಲಕ ನೀರು ಪರೀಕ್ಷೆಗೆ ಕೊಡಬಹುದು. ನಳದ ನೀರನ್ನು ಹಿಡಿದಿಟ್ಟು ಮಗುವಿಗೆ ಮಾತ್ರವಾದರೂ ಅದನ್ನೇ ಕೊಡಿ ಎಂದೆ. ಅಣ್ಣ ಮಗಳ ಕೆಳದುಟಿ ಹಿಡಿದು ಹಾಲುಹಲ್ಲು ನೋಡಿದರು. ಅಲ್ಲೇನೂ ಕಾಣಲಿಲ್ಲ, ಕಾಣುವ ವಯಸ್ಸೂ ಅಲ್ಲ. ಅವಳ ಶಾಶ್ವತ ಮುಂಬಲ್ಲುಗಳು ಒಸಡಿನೊಳಗೆ ಈಗ ತಯಾರಾಗುತ್ತಿವೆ, ಹೊರಬರುವುದು ಏಳನೇ ವರ್ಷದ ಹೊತ್ತಿಗೆ.

ಮುಂದಿನ ವಾರ ಟ್ರೇ ತೋರಿಸಲು ಬಂದಾಗ ಅವರ ಕೈಯಲ್ಲಿ ಒಂದು ಲೀಟರಿನ ಬಾಟಲಿ ಇತ್ತು. ಮುಚ್ಚಳದ ಮೇಲೆ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆದಿದ್ದರು: 'ಬೋರ್ ನೀರು, ಮನಿ ಮುಂದಿಂದು.'